ಕೈ ಕಪ್ಪಗಿರೋರು ಹಿಂದೆ

ವಿಜ್ಞಾನ ಬರುವ ಮೊದಲು ನಾವು ಹಾಲ್ ತೊಳೆದೆವು.

ಹಾಸ್ಟೆಲಿನ ಮೋಟರ್ ಕೆಟ್ಟು ಕೂತಿತ್ತು. ನೀರು ರಸ್ತೆಯಾಚೆಯ ಬೋರ್‌ವೆಲ್ಲಿನಿಂದ ಬರಬೇಕು. ಬರಬೇಕು ಅಂದರೆ ನಾವು ತರಬೇಕು. ತಂದೆವು. ನೆಲ ತೊಳೆದೆವು. ಗೋಡೆಗೆ ತಲೆ ಒರಗಿಸಿ ಒರಗಿಸಿ ಆಗಿದ್ದ ಎಣ್ಣೆ ಕಲೆ ಉಜ್ಜಿದೆವು. ಅತಿಥಿಗಳಿಗೆ ಬೇಕಾಗಬಹುದು ಅಂತ ಕಕ್ಕಸನ್ನೂ ತೊಳೆದು, ಬಾಗಿಲಿಗೆ ಹೊಸ ಚಿಲಕ ಹಾಕಿಸಿದರು. ಅಲ್ಲಿಯವರೆಗೆ ಆ ಬಾಗಿಲಿಗೆ ಚಿಲಕ ಇರಲಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ನಿಂತು ಬಾಗಿಲು ಎಳೆದು ಹಿಡಿಯುತ್ತಿದ್ದಳು.

ಆಮೇಲೆ ಶಾಲೆಯಿಂದ ಬೆಂಚು ಹೊತ್ತೆವು. ಹಳೇ ಮರದ ಬೆಂಚು. ಮೆಟ್ಟಿಲು ಹತ್ತುವಾಗ ಹಿಂದಿದ್ದವರ ಹೆಗಲಿಗೆ ಪೂರ್ತಿ ಭಾರ. ಹಿಂದೆ ನಾನೂ ಶೋಭಿತಾಳೂ ಇದ್ದೆವು. ವಾರ್ಡನ್ ವಿಶಾಲಾಕ್ಷಮ್ಮ ಬಾಗಿಲಲ್ಲಿ ನಿಂತು, ಬೇಗ ಬೇಗ, ಮೈಸೂರಿಂದ ಬರೋರನ್ನ ಕಾಯ್ಸಕ್ಕಾಗಲ್ಲ ಅನ್ನುತ್ತಿದ್ದರು. ಅವರದ್ದು ಶಿರಂಗಾಲದ ಕಡೆ. ಕೆಟ್ಟವರಲ್ಲ. ಅನ್ನದಲ್ಲಿ ಕಲ್ಲು ಸಿಕ್ಕಿದರೆ ಅವರೇ ಅಡುಗೆಯವಳನ್ನು ಬೈಯುತ್ತಾರೆ. ಆದರೆ ಅಂಗಳಕ್ಕೆ ಕಾರು ಬಂತು ಅಂದರೆ ಅವರ ಕಣ್ಣಿಗೆ ನಾವು ಕಾಣುವುದಿಲ್ಲ.

ಕಾರ್ಯಕ್ರಮದ ಹೆಸರು ‘ಕೈಯೇ ಗುರು’. ಹಳ್ಳಿಯ ಹೆಣ್ಣುಮಕ್ಕಳು ಕೈಯಾರೆ ಮಾಡಿ ವಿಜ್ಞಾನ, ಎಂಜಿನಿಯರಿಂಗ್ ಕಲಿಯಬೇಕು ಅಂತ ಒಂದು ಟ್ರಸ್ಟ್ ನಡೆಸುತ್ತಿತ್ತು. ಟ್ರಸ್ಟಿನ ಯಜಮಾನರು ಶಿವಪ್ರಕಾಶ್. ಬೆಂಗಳೂರಿನಲ್ಲಿ ಕಟ್ಟಡ ಕಟ್ಟಿಸಿ, ಬಾಳೆಲೆ ಹತ್ತಿರ ಕಾಫಿ ಎಸ್ಟೇಟ್ ಕೊಂಡು, ಅದರೊಳಗೆ ಹೋಂಸ್ಟೇ ತೆರೆದು, ಇನ್ನೇನು ಮಾಡುವುದು ಅಂತ ಯೋಚಿಸುವಾಗ ಅವರಿಗೆ ಹೆಣ್ಣುಮಕ್ಕಳ ವಿಜ್ಞಾನ ಹೊಳೆದಿತ್ತು. ಅವರು ಕೊಂಡ ಎಸ್ಟೇಟಿನ ಕೂಲಿಯವರ ಲೈನ್‌ಮನೆಯಲ್ಲೇ ನಾನೂ ಶೋಭಿತಾಳೂ ಹುಟ್ಟಿದ್ದು. ಎರವ ಬುಡಕಟ್ಟಿನವರು ನಾವು. ಎಸ್ಟೇಟ್ ಕೈ ಬದಲಾದಾಗ ಸಿಲ್ವರ್ ಮರ, ಕಾಫಿ ಗಿಡ, ಪಂಪ್‌ಸೆಟ್ಟಿನ ಜೊತೆ ನಮ್ಮ ಅಪ್ಪ ಅವ್ವಂದಿರೂ ಕೈ ಬದಲಾದರು.

ಟ್ರಸ್ಟಿನ ಶಾಲೆ ಮೈಸೂರಿನಲ್ಲಿತ್ತು. ನಮ್ಮ ತಾಲ್ಲೂಕಿನಿಂದ ಒಬ್ಬಳೇ ಒಬ್ಬಳಿಗೆ ಅಲ್ಲಿ ಸೀಟು. ಹತ್ತನೇ ಕ್ಲಾಸಿಗೆ ಸೇರಿದರೆ ಪಿಯುಸಿ ಸೈನ್ಸ್ ಮುಗಿಯುವವರೆಗೆ ಊಟ, ಹಾಸಿಗೆ, ಲ್ಯಾಬ್ ಎಲ್ಲ ಅವರದ್ದೇ. ನಾವಾಗ ಒಂಬತ್ತನೇ ಕ್ಲಾಸು. ನಮ್ಮ ಲೈನಿನಿಂದ ಯಾವ ಹುಡುಗಿಯೂ ಸೈನ್ಸ್ ಓದಿಲ್ಲ. ಹತ್ತು ಪಾಸಾದವಳೂ ಕಾಫಿ ಪಿಕ್ಕಿಂಗಿಗೆ ಹೋಗುತ್ತಾಳೆ, ಫೇಲಾದವಳೂ ಹೋಗುತ್ತಾಳೆ. ಅಲ್ಲಿ ಮಾತ್ರ ತಾರತಮ್ಯ ಇಲ್ಲ.

ಶೋಭಿತಾಗೆ ಆ ಸೀಟು ಬೇಕಿತ್ತು. ನಿದ್ದೆಯಲ್ಲೂ ಬೇಕಿತ್ತು.

ಶನಿವಾರ ಶನಿವಾರ ಕ್ಲಾಸು. ಕಲಿಸಲು ಬರುತ್ತಿದ್ದವರು ಸುದೀಪ್ ಸರ್. ಎಂಜಿನಿಯರಿಂಗ್ ಓದಿದ ಹುಡುಗ. ನಮ್ಮನ್ನು ಚಾಂಪಿಯನ್ಸ್ ಅಂತ ಕರೆಯುತ್ತಿದ್ದರು. ಹೆಸರು ನೆನಪಿಡುವ ತಾಪತ್ರಯ ಇರಲಿಲ್ಲ. ಅವರ ಜೊತೆ ಒಬ್ಬ ಫೋಟೋಗ್ರಾಫರ್. ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಸತೀಶ್ ಸರ್ ಸಹಾಯಕ್ಕೆ.

ಮೊದಲ ಶನಿವಾರ ಸುದೀಪ್ ಸರ್ ಗೋಡೆಗೆ ಚಿತ್ರ ಬಿಟ್ಟು ಹೇಳಿದರು, ಪುಸ್ತಕ ಮರೆಯಿರಿ, ಮುಟ್ಟಿ ನೋಡಿ, ಮುರಿದು ನೋಡಿ, ಅದೇ ವಿಜ್ಞಾನ ಅಂತ. ಆಮೇಲೆ ಪೆಟ್ಟಿಗೆ ತೆರೆದರು. ಒಳಗೆ ವೈರು, ಬ್ಯಾಟರಿ ಡಬ್ಬಿ, ಪುಟ್ಟ ಸ್ಕ್ರೂ, ಸ್ಕ್ರೂಡ್ರೈವರ್. ನಾವೆಲ್ಲ ಮುಂದೆ ಬಾಗಿದೆವು. ಮುಟ್ಬೇಡಿ ಮುಟ್ಬೇಡಿ, ಕಾಸ್ಟ್ಲಿ ಅದು ಅಂದರು. ಇಡೀ ಶಾಲೆಗೆ ಒಂದೇ ಪೆಟ್ಟಿಗೆ.

ಜನವರಿ ಅದು. ರೊಬಸ್ಟಾ ಪಿಕ್ಕಿಂಗ್ ಜೋರಾಗಿ ನಡೆಯುವ ಕಾಲ. ಭಾನುವಾರ ನಾವು ಲೈನಿಗೆ ಹೋಗಿ ಅವ್ವಂದಿರ ಜೊತೆ ಹಣ್ಣು ಕೀಳುತ್ತಿದ್ದೆವು. ಕಾಫಿ ಹಣ್ಣು ಕೆಂಪಗಿರುತ್ತದೆ. ಅದನ್ನು ಕೀಳುವ ಕೈ ಕಪ್ಪಗಾಗುತ್ತದೆ. ಅಂಟು ಕಪ್ಪು. ಉಗುರಿನ ಸಂದಿಗೆ ಇಳಿಯುತ್ತದೆ. ಸೋಪಿಗೆ ಹೋಗುವುದಿಲ್ಲ, ನಿಂಬೆಹುಳಿಗೆ ಹೋಗುವುದಿಲ್ಲ. ಪಿಕ್ಕಿಂಗ್ ಮುಗಿದ ಮೇಲೆ ಚರ್ಮವೇ ಸುಲಿದು ಹೋಗಬೇಕು. ಫೋಟೋಗ್ರಾಫರ್ ನಮ್ಮ ಕೈ ನೋಡಿ ಸುದೀಪ್ ಸರ್ ಕಿವಿಯಲ್ಲಿ ಏನೋ ಹೇಳಿದ. ಸುದೀಪ್ ಸರ್ ಸತೀಶ್ ಸರ್ ಕಿವಿಯಲ್ಲಿ ಹೇಳಿದರು. ಸತೀಶ್ ಸರ್ ನಮಗೆಲ್ಲ ಕೈ ಚಾಚಿ ಅಂದರು. ಚಾಚಿದೆವು. ಸಾಲಿನ ಮುಂದೆ ನೋಡುತ್ತಾ ನಡೆದರು.

“ಕೈ ಕಪ್ಪಗಿರೋರು ಹಿಂದೆ ಹೋಗಿ.”

ಹೋದೆವು. ಅಂಗಡಿಯವರ, ಮೇಷ್ಟ್ರುಗಳ, ತೋಟ ಇದ್ದವರ ಮಕ್ಕಳು ಮುಂದೆ ಕೂತರು. ಸತೀಶ್ ಸರ್ ಬಹಳ ಪ್ರಗತಿಪರರು. ಯಾರ ಜಾತಿಯನ್ನೂ ಕೇಳಲಿಲ್ಲ. ಬರೀ ಕೈ ನೋಡಿದರು. ಹಿಂದೆ ಹೋದವರೆಲ್ಲ ಹಾಸ್ಟೆಲಿನವರೇ ಆಗಿದ್ದರೆ ಅದು ಕಾಫಿಯ ತಪ್ಪು.

ಹಿಂದಿನ ಬೆಂಚಿನಿಂದ ನಮಗೆ ಮುಂದಿನವರ ಜಡೆ ಕಾಣುತ್ತಿತ್ತು. ಶೋಭಿತಾ ನಿಂತು ನೋಡಿದಳು. ಕೂತ್ಕೋ ಅಂದರು. ಕೂತಳು. ಮತ್ತೆ ನಿಂತಳು.

ಮುಂದಿನ ಶನಿವಾರ ಟ್ರಸ್ಟಿಗೆ ಯಾರೋ ಬುದ್ಧಿ ಹೇಳಿರಬೇಕು, ಹಿಂದಿನವರನ್ನೂ ಒಳಗೊಳ್ಳಿ ಅಂತ. ನಮಗೆ ಬಿಳಿ ಬಟ್ಟೆಯ ಗ್ಲೌಸ್ ಕೊಟ್ಟರು. ಮುಂದಿನವರಿಗೆ ಇಲ್ಲ. ಸ್ಕ್ರೂ ಸಾಸಿವೆಗಿಂತ ತುಸು ದೊಡ್ಡದು. ಗ್ಲೌಸ್ ಹಾಕಿದ ಬೆರಳಿಗೆ ಅದು ಸಿಕ್ಕರೆ ತಾನೆ? ಕೈಯೇ ಗುರು, ಆದರೆ ಗುರುವಿಗೆ ಚೀಲ ಕಟ್ಟಿತ್ತು. ನನ್ನ ಸರದಿ ಬಂತು. ಸ್ಕ್ರೂಡ್ರೈವರ್ ಕೈಗೆ ಬಂತು. ಫೋಟೋಗ್ರಾಫರ್ ನಗು ಅಂದ. ನಕ್ಕೆ. ಸ್ಕ್ರೂಡ್ರೈವರ್ ಹೋಯಿತು. ಅಷ್ಟು ನನ್ನ ಎಂಜಿನಿಯರಿಂಗ್.

ಒಂದು ದಿನ ನೀರೆತ್ತುವ ಪಂಪಿನ ಪಾಠ. ಗೋಡೆಯ ಮೇಲೆ ಪಂಪಿನ ಹೊಟ್ಟೆ ಕೊಯ್ದು ತೋರಿಸಿದರು. ಶೋಭಿತಾ ಎದ್ದು, ಹಾಸ್ಟೆಲಿನ ಮೋಟರ್ ಕೆಟ್ಟಿದೆ ಸರ್, ಅದನ್ನೇ ಬಿಚ್ಚಿ ನೋಡೋಣ್ವಾ, ಹೇಗೂ ಓಡಲ್ಲ ಅಂದಳು. ಸುದೀಪ್ ಸರ್‌ಗೆ ಬಹಳ ಖುಷಿಯಾಯಿತು. ನೋಡಿ, ಇದೇ ಕುತೂಹಲ ಬೇಕು, ಎಲ್ಲರೂ ಚಪ್ಪಾಳೆ ಹೊಡೆಯಿರಿ ಅಂದರು. ಹೊಡೆದೆವು. ಆಮೇಲೆ, ಆದರೆ ಅದು ನಮ್ಮ ಮಾಡ್ಯೂಲಿನಲ್ಲಿಲ್ಲ ಅಂದರು. ಕ್ಲಾಸು ಮುಗಿದ ಮೇಲೆ ಬಕೆಟ್ ಹಿಡಿದು ರಸ್ತೆ ದಾಟಿದೆವು.

ಕೊನೆಯ ಶನಿವಾರ ಸಮಾರೋಪ. ಶಿವಪ್ರಕಾಶ್ ಅವರೇ ಬರುವವರು. ಪ್ರತಿ ಶಾಲೆಯಿಂದ ಒಂದು ಆವಿಷ್ಕಾರ ಬೇಕು. ನಮ್ಮ ಶಾಲೆಯ ಆವಿಷ್ಕಾರವನ್ನು ಸುದೀಪ್ ಸರ್ ಮೈಸೂರಿನಿಂದಲೇ ಮಾಡಿಕೊಂಡು ಬಂದರು. ಹೆಸರು ಆನೆ ಅಲಾರಂ. ಎರಡು ಪುಟ್ಟ ಕಂಬ. ಒಂದರಿಂದ ಇನ್ನೊಂದಕ್ಕೆ ಕಣ್ಣಿಗೆ ಕಾಣದ ಬೆಳಕು. ಆನೆ ಅಡ್ಡ ಬಂದರೆ ಬೆಳಕು ಕಡಿದು ಸೈರನ್ ಕೂಗುತ್ತದೆ. ಒಂದು ರಬ್ಬರ್ ಆನೆಯೂ ಇತ್ತು. ಮಾಡಿದವಳು ಒಬ್ಬಳು ಬೇಕಲ್ಲ. ಮುಂದಿನ ಬೆಂಚಿನವರು ಅಂತ ನಾವು ತಿಳಿದಿದ್ದೆವು. ಇಲ್ಲ. ಆನೆಯ ವಿಷಯಕ್ಕೆ ಟ್ರಸ್ಟಿಗೆ ಲೈನಿನ ಹುಡುಗಿಯೇ ಬೇಕಿತ್ತು. ಶೋಭಿತಾಳನ್ನು ಕರೆದರು. ಜೊತೆಗೆ ನಾನೂ ಹೋದೆ.

ಸುದೀಪ್ ಸರ್ ಮೃದುವಾಗಿ ಕೇಳಿದರು. “ನಿಮ್ಮನೇಲಿ ಯಾರನ್ನಾದ್ರೂ ಆನೆ...”

“ಇಲ್ಲ ಸರ್.”

“ಅಕ್ಕಪಕ್ಕದಲ್ಲಿ?”

“ಮಲ್ಲ ಮಾವ ಓಡಕ್ಕೆ ಹೋಗಿ ಚರಂಡಿಗೆ ಬಿದ್ದಿದ್ದ.”

“ತೀರ್ಕೊಂಡ್ರಾ?”

“ಇಲ್ಲ ಸರ್. ಕಾಲು ಮುರೀತು. ಕುಡಿದಿದ್ದ.”

ಸುದೀಪ್ ಸರ್ ಕಾಲನ್ನು ಇಟ್ಟುಕೊಂಡು ಕುಡಿತವನ್ನು ಬಿಟ್ಟರು. ಮಲ್ಲ ಮಾವನನ್ನು ಅವಳ ಅಪ್ಪನನ್ನಾಗಿ ಮಾಡಿದರು. ಅವಳ ಅಪ್ಪ ಸಿದ್ದ ಎರಡೂ ಕಾಲಿನ ಮೇಲೆ ಗಟ್ಟಿಯಾಗಿ ನಿಂತು ಮರದ ಕೊಂಬೆ ಕಡಿದು ಮರಗಸಿ ಮಾಡುತ್ತಿದ್ದಾನೆ ಅಂತ ಶೋಭಿತಾ ಹೇಳಿದಳು. ಅದು ಸ್ಟೋರಿಗೆ ಹೊಂದಲ್ಲ ಅಂದರು. ಕೊನೆಗೆ ಅವಳು ಹೇಳಬೇಕಾದ ಮಾತು ಇಷ್ಟು: ಆನೆ ನನ್ನ ಅಪ್ಪನ ಕಾಲು ಮುರಿಯಿತು, ಅಂದೇ ನಾನು ನಿಶ್ಚಯಿಸಿದೆ, ಈ ಯಂತ್ರವನ್ನು ನಾನೇ ಮಾಡಿದೆ.

ಹೇಳಿದರೆ ಸೀಟು ಹೆಚ್ಚುಕಡಿಮೆ ನಿನ್ನದೇ ಅಂದರು ಸತೀಶ್ ಸರ್.

ಶೋಭಿತಾ ಆ ಎರಡು ಕಂಬ ನೋಡುತ್ತಾ ಕೇಳಿದಳು, ಹೇಳ್ತೀನಿ ಸರ್, ಆದರೆ ಒಂದ್ಸಲ ಬಿಚ್ಚಿ ನಾನೇ ಜೋಡಿಸ್ಲಾ ಅಂತ. ಸೆಟ್ಟಿಂಗ್ ಹಾಳಾಗುತ್ತೆ, ಸೀಟು ಸಿಕ್ಕ ಮೇಲೆ ಮೈಸೂರಿನಲ್ಲಿ ಬೇಕಾದಷ್ಟು ಬಿಚ್ಚು ಅಂದರು. ಅಲಾರಮ್ಮನ್ನು ವಾರ್ಡನ್ ಬೀರುವಿನಲ್ಲಿಟ್ಟು ಬೀಗ ಹಾಕಿದರು. ವಾರವಿಡೀ ಅವಳು ಮಾತು ಬಾಯಿಪಾಠ ಮಾಡಿದಳು. ಸ್ನಾನದ ಮನೆಯಲ್ಲಿ, ಅಕ್ಕಿ ಆರಿಸುವಾಗ. ಅಪ್ಪನ ಕಾಲು ಮುರಿಯಿತು ಅನ್ನುವ ಕಡೆ ಪ್ರತಿ ಸಲ ತಡವರಿಸುತ್ತಿದ್ದಳು.

ಸಮಾರೋಪದ ದಿನ ಹಾಲ್ ತುಂಬಿತ್ತು. ಶಿವಪ್ರಕಾಶ್ ಖಾದಿ ಜುಬ್ಬಾ ಹಾಕಿ ಬಂದರು. ಒಂದು ಗಂಟೆ ಮಾತಾಡಿದರು. ಹೆಣ್ಣಿನ ಕೈ ಬರೀ ಬಳೆಗಲ್ಲ ಅಂದರು. ಅವರ ಎಸ್ಟೇಟಿನಲ್ಲಿ ಯಾವ ಹೆಂಗಸಿಗೂ ಪಿಕ್ಕಿಂಗ್ ಕಾಲದಲ್ಲಿ ಬಳೆ ಉಳಿಯುವುದಿಲ್ಲ. ಅದು ಅವರಿಗೆ ಗೊತ್ತಿದ್ದಂತಿರಲಿಲ್ಲ.

ಶೋಭಿತಾಳನ್ನು ಕರೆದರು. ಬಿಳಿ ಗ್ಲೌಸ್ ಹಾಕಿಕೊಂಡು ವೇದಿಕೆ ಹತ್ತಿದಳು. ರಬ್ಬರ್ ಆನೆಯನ್ನು ತಳ್ಳಿದಳು. ಸೈರನ್ ಕೂಗಿತು. ಚಪ್ಪಾಳೆ. ಮೈಕ್ ಹಿಡಿದು, ಆನೆ ನನ್ನ ಅಪ್ಪನ, ಅಂತ ಶುರುಮಾಡಿ ನಿಂತಳು. ಸುದೀಪ್ ಸರ್ ಕೆಳಗಿನಿಂದ ಬಾಯಿ ಆಡಿಸಿ ಮುಂದಿನ ಮಾತು ತೋರಿಸಿದರು. ಅವಳು ನೋಡಲಿಲ್ಲ. ಶಿವಪ್ರಕಾಶ್ ಅವರಿಗೆ ಹುಡುಗಿ ಹೆದರಿದಳು ಅನ್ನಿಸಿರಬೇಕು. ಪ್ರೀತಿಯಿಂದ ಬೆನ್ನು ತಟ್ಟಿ, ಎಲ್ಲರಿಗೂ ಕೇಳುವ ಹಾಗೆ ಕೇಳಿದರು.

“ಇಷ್ಟನ್ನೂ ನೀನೇ ಮಾಡಿದ್ಯಾ ಪುಟ್ಟಾ?”

 ಅವಳು ಮೈಕ್ ಬಾಯಿಗೆ ಹತ್ತಿರ ತಂದಳು.

“ಸಾವ್ಕಾರ್ರೇ, ನಿಮ್ಮ ಎಸ್ಟೇಟಲ್ಲಿ ಸಾಯಂಕಾಲ ನಮ್ಮವ್ವನ ಚೀಲನ ಹಾಗೇ ತೂಕಕ್ಕೆ ಹಾಕಲ್ಲ. ಟಾರ್ಪಾಲ್ ಮೇಲೆ ಸುರಿ ಅಂತಾರೆ ಲೆಕ್ಕ ಬರೆಯೋ ರೈಟರು. ಅಡಿಯಲ್ಲಿ ಕಾಯಿ ಇದೆಯಾ, ಕಲ್ಲಿದೆಯಾ ನೋಡ್ಬೇಕು ಅಂತಾರೆ. ಎಲ್ಲಾರ ಮುಂದೆ ಸುರೀಬೇಕು. ಇದನ್ನೂ ಸುರಿದೇ ತೋರಿಸ್ತೀನಿ.”

ಹಾಲಿನ ಹಿಂದಿನ ಭಾಗಕ್ಕೆ ಅರ್ಥವಾಯಿತು. ಮುಂದಿನ ಭಾಗ ಇನ್ನೂ ಮುಗುಳ್ನಗುತ್ತಿತ್ತು. ಬುಡಕಟ್ಟಿನ ಏನೋ ಸಂಪ್ರದಾಯ ಅಂದುಕೊಂಡಿರಬೇಕು.

ಅವಳು ಗ್ಲೌಸ್ ಕಿತ್ತು ಮೇಜಿನ ಮೇಲಿಟ್ಟಳು. ಸ್ಕ್ರೂಡ್ರೈವರ್ ಪ್ರದರ್ಶನಕ್ಕೆ ಅಂತ ಪಕ್ಕದಲ್ಲೇ ಇತ್ತು, ರಿಬ್ಬನ್ ಕಟ್ಟಿಕೊಂಡು. ರಿಬ್ಬನ್ ಬಿಚ್ಚಿದಳು. ಮೊದಲ ಸ್ಕ್ರೂ ತೆಗೆದಳು. ಎರಡನೆಯದು. ಕಂಬ ಒರಗಿತು. ಮುಚ್ಚಳ ತೆಗೆದು ಒಳಗಿನ ಹಸಿರು ಹಲಗೆ ಹೊರಗಿಟ್ಟಳು. ಒಂದೊಂದನ್ನೂ ಸಾಲಾಗಿ ಇಟ್ಟಳು. ಫೋಟೋಗ್ರಾಫರ್ ಕ್ಲಿಕ್ಕಿಸುತ್ತಲೇ ಇದ್ದ. ಅವನಿಗೆ ಅಭ್ಯಾಸ. ಸತೀಶ್ ಸರ್ ಮೆಟ್ಟಿಲಲ್ಲಿ ನಿಂತು, ಏ, ಸಾಕು ಬಿಡು, ಇಳಿ ಕೆಳಗೆ ಅಂತ ಹಲ್ಲು ಕಚ್ಚಿ ಹೇಳಿದರು. ಮೈಕ್ ಅದನ್ನೂ ಎಲ್ಲರಿಗೆ ಕೇಳಿಸಿತು.

“ಇದು ಸುದೀಪ್ ಸರ್ ಮಾಡಿದ್ದು,” ಅಂದಳು ಶೋಭಿತಾ. “ನಾನು ಈಗ ಮಾಡ್ತೀನಿ.”

ಮಾಡಿದಳು. ಅವಳಿಗೆ ಗೊತ್ತಿರಲಿಲ್ಲ. ಯಾರೂ ಕಲಿಸಿರಲಿಲ್ಲವಲ್ಲ. ಬೆವರಿದಳು. ಎರಡು ಸಲ ಕಂಬ ಬಿತ್ತು. ಕೊನೆಗೆ ಒಂದು ಕಂಬ ಕಿಟಕಿಯ ಕಡೆ, ಇನ್ನೊಂದು ಶಿವಪ್ರಕಾಶ್ ಅವರ ಕಡೆ ಮುಖ ಮಾಡಿ ನಿಂತವು. ಬ್ಯಾಟರಿ ಕೂರಿಸಿ ಮುಚ್ಚಳ ಬಿಗಿದಳು. ಒಂದರ ಬೆಳಕು ಇನ್ನೊಂದಕ್ಕೆ ಮುಟ್ಟಲಿಲ್ಲ, ಸೈರನ್ ಶುರುವಾಯಿತು. ಆನೆ ದೂರದಲ್ಲಿ ಅಡ್ಡ ಬಿದ್ದಿತ್ತು. ಸೈರನ್ ನಿಲ್ಲಲಿಲ್ಲ.

ಶಿವಪ್ರಕಾಶ್ ಕಿವಿ ಮುಚ್ಚಿಕೊಂಡು, ಏನ್ರೀ ಇದು, ಯಾರು ಮಾಡಿದ್ದು ಅಂತ ಕೂಗಿದರು.

“ನಾನೇ ಸರ್,” ಅಂದಳು.

ಸುದೀಪ್ ಸರ್ ಓಡಿ ಬಂದು ಮುಚ್ಚಳ ತೆಗೆಯಲು ನೋಡಿದರು. ಸ್ಕ್ರೂಡ್ರೈವರ್ ಜಾರಿತು. ವಾರ್ಡನ್ ಸನ್ಮಾನಕ್ಕೆ ತಂದಿದ್ದ ಶಾಲನ್ನು ಅಲಾರಮ್ಮಿಗೆ ಹೊದಿಸಿದರು. ಶಾಲಿನೊಳಗಿಂದಲೂ ಕೂಗಿತು. ಹಿಂದಿನ ಬೆಂಚುಗಳಲ್ಲಿ ಮೊದಲು ಒಬ್ಬಳು ನಕ್ಕಳು. ಆಮೇಲೆ ನಾವೆಲ್ಲ ನಕ್ಕೆವು. ಆ ಗಲಾಟೆಯಲ್ಲೇ ಮುಖ್ಯ ಅತಿಥಿಗಳು ಹೊರಟರು. ಹಾಕಲು ಶಾಲು ಇರಲಿಲ್ಲ.

ಮರುದಿನ ಶೋಭಿತಾಳ ಅವ್ವ ಮುತ್ತಿಯನ್ನು ಕರೆಸಿದರು. ಪಿಕ್ಕಿಂಗ್ ಬಿಟ್ಟು ಬಂದಳು. ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿರಲಿಲ್ಲ. ಆಫೀಸಿನಲ್ಲಿ ಖಾಲಿ ಕುರ್ಚಿ ಇತ್ತು. ಅವಳು ಬಾಗಿಲಲ್ಲಿ ನಿಂತೇ ಇದ್ದಳು. ನಾನು ಹೊರಗಿನ ಕಿಟಕಿಯ ಪಕ್ಕ.

ವಿಶಾಲಾಕ್ಷಮ್ಮ ಸಮಾಧಾನದಿಂದಲೇ ಹೇಳಿದರು. ಸಾವ್ಕಾರ್ರು ದೊಡ್ಡ ಮನಸ್ಸಿನೋರು, ಟ್ರಸ್ಟಿಗೆ ಈಗಲೂ ಲೈನಿನ ಹುಡುಗಿಯೇ ಬೇಕಂತೆ, ಒಂದು ಸಣ್ಣ ವಿಡಿಯೋ ಮಾಡಿ ಕಳಿಸಿದರೆ ಸಾಕಂತೆ, ಹೆದರಿಕೆಯಿಂದ ಹಾಗೆ ಮಾಡಿದೆ, ಯಂತ್ರ ನಾನೇ ಮಾಡಿದ್ದು ಅಂತ. ಸೀಟು ಉಳಿಯುತ್ತೆ. ಸತೀಶ್ ಸರ್ ಫೋನ್ ತೆಗೆದು ಕ್ಯಾಮೆರಾ ರೆಡಿ ಮಾಡಿಕೊಂಡಿದ್ದರು.

ಮುತ್ತಿ ಮಗಳ ಕಡೆ ತಿರುಗಿದಳು.

“ಹೇಳ್ಬಿಡೇ. ಮೈಗೆ ಹುಷಾರಿಲ್ಲ ಅಂತ ರೈಟರಿಗೆ ನಾನು ಎಷ್ಟು ಸಲ ಹೇಳಿಲ್ಲ? ಅದಕ್ಕಿಂತ ದೊಡ್ಡ ಸುಳ್ಳಾ ಇದು?”

“ಆ ಸುಳ್ಳು ನಿಂದವ್ವ. ನಿಂಗೆ ಬೇಕು, ಹೇಳ್ತೀಯ. ಇದು ಅವ್ರದ್ದು. ಅವ್ರ ಮೂಟೆ ನಾನ್ಯಾಕೆ ಹೊರ್ಲಿ?”

“ಹೊತ್ರೆ ಮೈಸೂರು. ಇಲ್ದಿದ್ರೆ ನನ್ನ ಪಕ್ಕದ ಸಾಲು. ಗೊತ್ತಾ?”

“ಗೊತ್ತು.”

 ಅವಳೇನು ಕಲ್ಲಲ್ಲ. ಆ ಸೀಟನ್ನು ಅವಳಷ್ಟು ಬಯಸಿದವರು ಈ ತಾಲ್ಲೂಕಿನಲ್ಲಿ ಯಾರೂ ಇರಲಿಲ್ಲ.

 ಮುತ್ತಿ ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿಲ್ಲ. ಸತೀಶ್ ಸರ್‌ಗೆ ಹೇಳಿದಳು, ಹಾಗಾದ್ರೆ ಆ ಡಬ್ಬಿನ ಒಂದ್ಸಲ ಇವಳ ಕೈಗೆ ಕೊಡಿ ಸಾರ್, ಹೇಗೆ ಅಂತ ಹೇಳ್ಕೊಡಿ, ಮಾಡ್ಲಿ, ಮಾಡಿದ್ಮೇಲೆ ಮಾಡಿದ್ದೀನಿ ಅಂತ ಹೇಳ್ತಾಳೆ, ಆಗ ಸುಳ್ಳೂ ಆಗಲ್ಲ, ನಿಮ್ಗೂ ವಿಡಿಯೋ ಆಗುತ್ತೆ. ಇಷ್ಟು ಸುಲಭದ ದಾರಿ ಅಲ್ಲಿದ್ದ ಓದಿದವರಿಗೆ ಹೊಳೆದಿರಲಿಲ್ಲ ಅಂತಲ್ಲ. ಅದಕ್ಕೆ ಒಂದು ಮಧ್ಯಾಹ್ನ ಬೇಕಿತ್ತು. ಸತೀಶ್ ಸರ್ ಸುದೀಪ್ ಸರ್‌ಗೆ ಫೋನ್ ಮಾಡಿದರು. ಪೆಟ್ಟಿಗೆ ಬೇರೆ ಜಿಲ್ಲೆಗೆ ಹೋಗಿಯಾಗಿದೆ, ಬಾಳೆಲೆಯ ಹೆಣ್ಣುಮಕ್ಕಳ ಕೈ ಕೆಲಸದ ತರಬೇತಿ ಯಶಸ್ವಿಯಾಗಿ ಮುಗಿದಿದೆ ಅಂದರಂತೆ.

ಸತೀಶ್ ಸರ್ ಕ್ಯಾಮೆರಾ ಮುಚ್ಚಿದರು. ಮುತ್ತಿ ತಲೆಯ ಬಟ್ಟೆ ಬಿಗಿ ಮಾಡಿಕೊಂಡು ಪಿಕ್ಕಿಂಗಿಗೆ ವಾಪಸ್ ಹೋದಳು. ಅರ್ಧ ದಿನದ ಕೂಲಿ ಮುರಿದರು.

ಸೀಟು ಬೇರೆ ಶಾಲೆಯ ಹುಡುಗಿಗೆ ಹೋಯಿತು. ಅವಳು ಹೇಳಬೇಕಾದ್ದನ್ನು ಹೇಳಿದಳಂತೆ. ಅವಳನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಅವಳಿಗೂ ಬೇಕಿತ್ತು.

 ಬೇಸಿಗೆ ರಜದಲ್ಲಿ ಶೋಭಿತಾ ಅವ್ವನ ಪಕ್ಕದಲ್ಲಿ ಕಳೆ ತೆಗೆದಳು. ಜೂನಿನಲ್ಲಿ ಹಾಸ್ಟೆಲಿಗೆ ಬಂದಳು. ಹತ್ತನೇ ಕ್ಲಾಸು. ಆಮೇಲೆ ಏನು ಅಂತ ಕೇಳಿದರೆ, ವಿರಾಜಪೇಟೆ ಅನ್ನುತ್ತಿದ್ದಳು. ಅಲ್ಲಿ ಪಿಯುಸಿ ಸೈನ್ಸ್ ಇರುವ ಕಾಲೇಜಿದೆ, ಬೆಳಗಿನ ಬಸ್ಸೂ ಇದೆ. ಟಿಕೆಟ್ಟಿಗೆ, ಪುಸ್ತಕಕ್ಕೆ ಏನು ಮಾಡುತ್ತೀಯ ಅಂತ ನಾನು ಕೇಳಲಿಲ್ಲ. 

ಹೊಸ ವರ್ಷಕ್ಕೆ ಟ್ರಸ್ಟಿನ ಕ್ಯಾಲೆಂಡರ್ ಬಂತು. ದಪ್ಪ ನುಣುಪು ಕಾಗದ. ವಿಶಾಲಾಕ್ಷಮ್ಮ ಅದನ್ನು ಊಟದ ಹಾಲಿನ ಗೋಡೆಗೆ ಹಾಕಿಸಿದರು. ಮೊದಲ ಪುಟದಲ್ಲೇ ಶೋಭಿತಾ ಇದ್ದಳು. ವೇದಿಕೆಯ ಮೇಲೆ, ಬಾಗಿ, ಸ್ಕ್ರೂಡ್ರೈವರ್ ಹಿಡಿದು. ಗ್ಲೌಸ್ ಇರಲಿಲ್ಲ. ಫೋಟೋಗ್ರಾಫರ್ ಬೆರಳುಗಳನ್ನೇ ಹತ್ತಿರದಿಂದ ಹಿಡಿದಿದ್ದ. ಕಪ್ಪು ಒಂದೊಂದು ಗೆರೆಯಲ್ಲೂ ಕಾಣುತ್ತಿತ್ತು. ಮುಖದಲ್ಲಿ ಬೆವರು, ಕಣ್ಣು ಸ್ಕ್ರೂವಿನ ಮೇಲೆ. ಬಹಳ ಒಳ್ಳೆಯ ಫೋಟೋ. ಕೆಳಗೆ ಅಚ್ಚಾಗಿತ್ತು: ಆನೆ ಅಲಾರಂ ಜೋಡಿಸುತ್ತಿರುವ ಬುಡಕಟ್ಟು ಬಾಲಕಿ.

ಫೋಟೋದಲ್ಲಿ ಸ್ಕ್ರೂ ಒಳಗೆ ಹೋಗುತ್ತಿದೆಯೋ ಹೊರಗೆ ಬರುತ್ತಿದೆಯೋ ಗೊತ್ತಾಗುವುದಿಲ್ಲ. ಅದನ್ನು ಟ್ರಸ್ಟ್ ಚೆನ್ನಾಗಿ ತಿಳಿದುಕೊಂಡಿತ್ತು.

ಹುಡುಗಿಯರೆಲ್ಲ ಗುಂಪು ಸೇರಿದರು. ಸಣ್ಣವರು, ಅಕ್ಕಾ ನೀನು ಕ್ಯಾಲೆಂಡರಲ್ಲಿ ಬಂದಿದ್ದೀಯ ಅಂತ ಕುಣಿದರು. ಶೋಭಿತಾ ತಟ್ಟೆ ಕೆಳಗಿಟ್ಟಳು. ನನ್ನ ಜೇಬಿನಿಂದ ಪೆನ್ನು ತೆಗೆದುಕೊಂಡಳು. ಮೇಜಿನ ಮೇಲೆ ಹತ್ತಿದಳು. ‘ಜೋಡಿಸುತ್ತಿರುವ’ ಅನ್ನುವುದನ್ನು ಹೊಡೆದು, ಮೇಲೆ ‘ಬಿಚ್ಚುತ್ತಿರುವ’ ಅಂತ ಬರೆದಳು. ‘ಬುಡಕಟ್ಟು ಬಾಲಕಿ’ಯನ್ನು ಹೊಡೆದು ತನ್ನ ಹೆಸರು ಬರೆದಳು. ಅಕ್ಷರ ದೊಡ್ಡದಾಗಿತ್ತು. ಗೋಡೆಯ ಮೇಲೂ ಸ್ವಲ್ಪ ಬಂತು. ಇಳಿದು, ಪೆನ್ನು ಕೊಟ್ಟು, ತಟ್ಟೆ ತೆಗೆದುಕೊಂಡು ಊಟಕ್ಕೆ ಕೂತಳು.

ವಿಶಾಲಾಕ್ಷಮ್ಮ ಬಂದು ನೋಡಿದರು. ತುಂಬ ಹೊತ್ತು ಓದಿದರು. ಎರಡೇ ಪದ ಇದ್ದದ್ದು. ಯಾರು ಬರೆದದ್ದು ಅಂತ ಕೇಳಲಿಲ್ಲ, ಹೆಸರು ಅಲ್ಲೇ ಇತ್ತು. ನಾಳೆ ಟ್ರಸ್ಟಿನವರು ಬರ್ತಾರೆ, ಯಾರಾದ್ರೂ ಎದ್ದು ಅದನ್ನ ತೆಗೀರಿ ಅಂದರು.

ನಾವು ಐವತ್ತು ಜನ ಇದ್ದೆವು. ಸಾರಿಗೆ ಉಪ್ಪು ಕಮ್ಮಿ ಇತ್ತು. ಕಲಸಿಕೊಂಡು ತಿನ್ನುತ್ತಿದ್ದೆವು.

ಅವರು ಇನ್ನೊಂದು ಸಲ ಹೇಳಿದರು.

ತಿನ್ನುತ್ತಲೇ ಇದ್ದೆವು.